11x14 ಅಡಿ ರೂಮಿಗೆ ಪ್ರೊಜೆಕ್ಟರ್: ಯಾವುದು ತಗೊಳ್ಳಲಿ, ಎಲ್ಲಿ ಕೂರಿಸಲಿ?

ಮೈಸೂರು_ಮಹಡಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಮಹಡಿ ಮೇಲೆ ಒಂದು ರೂಮು ಖಾಲಿ ಇದೆ. ಅಗಲ 11 ಅಡಿ, ಉದ್ದ 14 ಅಡಿ, ಎತ್ತರ 10 ಅಡಿ. ಪಶ್ಚಿಮಕ್ಕೆ ದೊಡ್ಡ ಕಿಟಕಿ. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗೋಡೆಗೆಲ್ಲ ಬಿಳಿ ಬಣ್ಣ, ನಟ್ಟನಡುವೆ ಸೀಲಿಂಗ್ ಫ್ಯಾನ್. ಇದನ್ನು ಸಿನಿಮಾ ರೂಮು ಮಾಡಬೇಕು ಅಂತ ಬಹಳ ದಿನದ ಆಸೆ. ಅಪ್ಪ ಅಮ್ಮನಿಗೆ ಹಳೇ ಕನ್ನಡ ಸಿನಿಮಾ, ಮಕ್ಕಳಿಗೆ ಕಾರ್ಟೂನ್, ನನಗೆ ಕ್ರಿಕೆಟ್. ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು ಖರ್ಚು ಮಾಡಬಹುದು.

ಆನ್‌ಲೈನ್‌ನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. 12 ಸಾವಿರದ ಪ್ರೊಜೆಕ್ಟರ್‌ಗೆ 9000 ಲ್ಯುಮೆನ್ಸ್ (ಬೆಳಕಿನ ಅಳತೆಯಂತೆ), 4ಕೆ ಸಪೋರ್ಟ್ ಅಂತ ಬರೆದಿರುತ್ತಾರೆ. ದೊಡ್ಡ ಕಂಪನಿಯ 90 ಸಾವಿರದ್ದಕ್ಕೆ 2000 ಲ್ಯುಮೆನ್ಸ್ ಅಂತಷ್ಟೇ ಇರುತ್ತದೆ. ಇದು ಹೇಗೆ? 120 ಇಂಚಿನ ಚಿತ್ರ ಬರಬೇಕು ಅಂತ ನನ್ನ ಮನಸ್ಸಿನಲ್ಲಿದೆ. ತಿಳಿದವರು ಹೇಳಿ.

ಬೆಳಕಿನ_ಕೋಲು

ನಮಸ್ಕಾರ ಸರ್. ಬೆಂಗಳೂರಿನಲ್ಲಿ ಪ್ರೊಜೆಕ್ಟರ್ ಫಿಟ್ಟಿಂಗ್ ನನ್ನ ಕೆಲಸ. ಮಾಡೆಲ್ ವಿಚಾರ ಆಮೇಲೆ ನೋಡೋಣ. ಮೊದಲು ಆ ಪಶ್ಚಿಮದ ಕಿಟಕಿಗೆ ಒಳ್ಳೆಯ ಬ್ಲ್ಯಾಕ್‌ಔಟ್ ಕರ್ಟನ್ ಹಾಕಿಸಿ. ನಿಮ್ಮ ದುಡ್ಡಿನಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಅದೇ.

ಯಾಕೆ ಅಂತ ಹೇಳುತ್ತೇನೆ. ಪ್ರೊಜೆಕ್ಟರ್ ಬೆಳಕು ಚೆಲ್ಲಬಲ್ಲದು, ಕತ್ತಲು ಚೆಲ್ಲಲಾರದು. ಸಿನಿಮಾದಲ್ಲಿ ರಾತ್ರಿಯ ದೃಶ್ಯ ಬಂದಾಗ ಸ್ಕ್ರೀನ್ ಮೇಲೆ ಕಾಣುವ ಕಪ್ಪು ಅಂದರೆ, ಆ ಹೊತ್ತಿಗೆ ರೂಮಿನಲ್ಲಿರುವ ಬೆಳಕು ಬಿದ್ದ ಸ್ಕ್ರೀನೇ. ರೂಮಿನಲ್ಲಿ ಬೆಳಕಿದ್ದರೆ ಕಪ್ಪು ಬೂದಿ ಬಣ್ಣವಾಗುತ್ತದೆ. ಎಷ್ಟು ದುಬಾರಿ ಪ್ರೊಜೆಕ್ಟರ್ ತಂದರೂ ಅಷ್ಟೇ.

ಲೆಕ್ಕ ಹಾಕೋಣ. ಮೂಲೆಯಿಂದ ಮೂಲೆಗೆ 100 ಇಂಚಿನ ಸ್ಕ್ರೀನ್ ಅಂದರೆ 2.21 ಮೀಟರ್ ಅಗಲ, ಸುಮಾರು 1.25 ಮೀಟರ್ ಎತ್ತರ. ಒಟ್ಟು 2.75 ಚದರ ಮೀಟರ್. ಪ್ರೊಜೆಕ್ಟರ್ ನಿಜವಾಗಿ 1000 ಲ್ಯುಮೆನ್ಸ್ ಕೊಟ್ಟರೆ ಸ್ಕ್ರೀನ್ ಮೇಲೆ ಸುಮಾರು 364 ಲಕ್ಸ್ (ಒಂದೊಂದು ಚದರ ಮೀಟರ್‌ಗೆ ಸಿಗುವ ಲ್ಯುಮೆನ್ಸ್) ಬೀಳುತ್ತದೆ. ರೂಮಿನಲ್ಲಿ ಒಂದು ಬಲ್ಬು ಉರಿಯುತ್ತಾ ಸ್ಕ್ರೀನ್ ಮೇಲೆ 50 ಲಕ್ಸ್ ಬೀಳುತ್ತಿದೆ ಅಂತಿಟ್ಟುಕೊಳ್ಳಿ. ಆಗ ಬಿಳಿ 414, ಕಪ್ಪು 50. ಬಿಳಿ ಕಪ್ಪಿಗಿಂತ ಬರೀ ಎಂಟು ಪಟ್ಟು ಬೆಳಗು. ಈಗ ಜಾಸ್ತಿ ದುಡ್ಡು ಕೊಟ್ಟು 2000 ಲ್ಯುಮೆನ್ಸಿನದು ತಂದಿರಿ. ಹದಿನೈದು ಪಟ್ಟು ಆಯಿತು. ಅದರ ಬದಲು ಹಳೇ 1000 ಲ್ಯುಮೆನ್ಸೇ ಇಟ್ಟುಕೊಂಡು ಬಲ್ಬು ಆರಿಸಿ, ಕರ್ಟನ್ ಎಳೆದು ರೂಮಿನ ಬೆಳಕನ್ನು 2 ಲಕ್ಸ್‌ಗೆ ಇಳಿಸಿದರೆ? 180 ಪಟ್ಟು!

ಸಿನಿಮಾ ಥಿಯೇಟರ್‌ಗೆ ಎಸ್‌ಎಂಪಿಟಿಇ ಅನ್ನುವ ಸಿನಿಮಾ ಎಂಜಿನಿಯರುಗಳ ಸಂಸ್ಥೆ ಹೇಳಿರುವ ಬೆಳಕಿನ ಮಟ್ಟ 16 ಫುಟ್‌ಲ್ಯಾಂಬರ್ಟ್. ಮಾಮೂಲಿ ಬಿಳಿ ಸ್ಕ್ರೀನ್ ಮೇಲೆ, 100 ಇಂಚಿಗೆ, ಅದು ಸುಮಾರು 480 ಲ್ಯುಮೆನ್ಸ್‌ಗೆ ಸಮ. ಕತ್ತಲೆ ರೂಮಿನಲ್ಲಿ ಥಿಯೇಟರ್‌ನಷ್ಟು ಬೆಳಕಿಗೆ ಅಷ್ಟೇ ಸಾಕು. ಆದರೆ ಬಣ್ಣ ಸರಿಯಾಗಿ ಬರುವ ಸಿನಿಮಾ ಮೋಡ್‌ಗೆ ಹಾಕಿದಾಗ ಡಬ್ಬದ ಮೇಲೆ ಬರೆದ ಲ್ಯುಮೆನ್ಸ್‌ನಲ್ಲಿ ದೊಡ್ಡ ಪಾಲು ಇಳಿದುಹೋಗುತ್ತದೆ. ಲ್ಯಾಂಪು ಹಳೆಯದಾದಂತೆ ಇನ್ನೂ ಇಳಿಯುತ್ತದೆ. ಹಾಗಾಗಿ ಒಳ್ಳೆಯ ಕಂಪನಿಯ 2000 ಅಂದರೆ ನಿಮ್ಮ ರೂಮಿಗೆ ಧಾರಾಳ.

ಧಾರವಾಡ_ಓಣಿ

ಆ 9000 ಲ್ಯುಮೆನ್ಸ್ ಬಗ್ಗೆ ನಾನು ಹೇಳುತ್ತೇನೆ ನೋಡ್ರಿ. ನಮ್ಮ ಅಣ್ಣನ ಮನೆಯಲ್ಲಿ ಅಂಥದ್ದೇ ಒಂದಿದೆ. ಅದು ಯಾವ ಅಳತೆಯ ಲ್ಯುಮೆನ್ಸ್ ಅಂತ ಎಲ್ಲೂ ಬರೆದಿಲ್ಲ. ನೀವು ನೋಡಬೇಕಾದ್ದು ಆನ್ಸಿ ಲ್ಯುಮೆನ್ಸ್ ಇಲ್ಲವೇ ಐಎಸ್‌ಒ ಲ್ಯುಮೆನ್ಸ್ ಅನ್ನುವ ಮಾತು. ಸ್ಕ್ರೀನ್ ಮೇಲೆ ನಿಜವಾಗಿ ಬೀಳುವ ಬೆಳಕನ್ನು ಒಂಬತ್ತು ಕಡೆ ಅಳೆದು ಸರಾಸರಿ ತೆಗೆದು ಹೇಳುವ ಅಂಕಿ ಅದು.

ಮನೆಯಲ್ಲೂ ಅಳೆಯಬಹುದು. ಸಣ್ಣ ಲಕ್ಸ್ ಮೀಟರ್ ಸಿಗುತ್ತದೆ. ಪೂರ್ತಿ ಬಿಳಿ ಚಿತ್ರ ಹಾಕಿ, ಸ್ಕ್ರೀನನ್ನು ಒಂಬತ್ತು ಚೌಕ ಅಂದುಕೊಂಡು ಪ್ರತಿ ಚೌಕದ ನಡುವೆ ಅಳೆಯಿರಿ. ಸರಾಸರಿ ಲಕ್ಸನ್ನು ಸ್ಕ್ರೀನಿನ ಚದರ ಮೀಟರ್‌ನಿಂದ ಗುಣಿಸಿದರೆ ಲ್ಯುಮೆನ್ಸ್ ಬರುತ್ತದೆ. ಅಣ್ಣನ ಮನೆಯದು ಬರೆದದ್ದರ ಹತ್ತಿರಕ್ಕೂ ಬರಲಿಲ್ಲ.

'4ಕೆ ಸಪೋರ್ಟ್' ಅಂದರೆ 4ಕೆ ವಿಡಿಯೊ ಕೊಟ್ಟರೆ ತಗೊಳ್ಳುತ್ತದೆ ಅಂತ ಅಷ್ಟೇ ಅರ್ಥ. ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ 1280x720 ಚುಕ್ಕೆಗಳದ್ದೇ (ಪಿಕ್ಸೆಲ್) ಇರಬಹುದು. 'ನೇಟಿವ್ ರೆಸಲ್ಯೂಷನ್' ಎಷ್ಟು ಅಂತ ಕೇಳ್ರಿ. ಇನ್ನು ಅಂಥ ಮಷೀನ್‌ಗಳಲ್ಲಿ ಮಧ್ಯ ಫೋಕಸ್ ಮಾಡಿದರೆ ಮೂಲೆ ಮಸುಕು. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಮತ್ತೆ ಫೋಕಸ್ ಮಾಡಬೇಕು. ಒಳಗೆ ಧೂಳು ಹೋದರೆ ಚಿತ್ರದ ಮೇಲೆ ಮಸುಕಾದ ಕಲೆ ಕೂರುತ್ತದೆ. ಮಕ್ಕಳು ರಾತ್ರಿ ಕಾರ್ಟೂನ್ ನೋಡಲು ಸರಿ. ಸಿನಿಮಾ ರೂಮಿಗೆ ಬೇಡ.

ಜಯನಗರ_ಟಿವಿ

ಬೇರೆ ದಿಕ್ಕಿನಿಂದ ಒಂದು ಮಾತು. ಒಂದು ಲಕ್ಷಕ್ಕೆ ಈಗ 75 ಇಂಚಿನ ಒಳ್ಳೆಯ ಟಿವಿ ಬರುತ್ತದೆ. ಹಗಲು ಹೊತ್ತಿನ ಮ್ಯಾಚಿಗೆ ಕರ್ಟನ್ ಎಳೆದು ಕತ್ತಲಲ್ಲಿ ಕೂರಬೇಕಾಗಿಲ್ಲ. ವಯಸ್ಸಾದವರು ಒಂದು ಗುಂಡಿ ಒತ್ತಿದರೆ ಆಯಿತು. ಪ್ರೊಜೆಕ್ಟರ್ ಅಂದರೆ ಪ್ರೊಜೆಕ್ಟರ್, ಸ್ಕ್ರೀನ್, ಸ್ಪೀಕರ್, ಒಟಿಟಿ ನೋಡುವ ಸ್ಟಿಕ್, ಇಷ್ಟು ರಿಮೋಟು. ಅಪ್ಪ ಅಮ್ಮ ಒಬ್ಬರೇ ಇದ್ದಾಗ ಇದನ್ನೆಲ್ಲ ಮಾಡುತ್ತಾರಾ? ದಯವಿಟ್ಟು ಯೋಚನೆ ಮಾಡಿ.

ಬೆಳಕಿನ_ಕೋಲು

ಜಯನಗರ ಸರ್ ಹೇಳಿದ್ದು ಸರಿ ಇದೆ. ಹಗಲು ಹೊತ್ತು, ಕಿಟಕಿ ತೆರೆದ ಹಾಲ್, ದಿನವಿಡೀ ನ್ಯೂಸ್. ಇದಕ್ಕೆ ಟಿವಿಯೇ ಸರಿ. ಹಾಲ್‌ಗೆ ಪ್ರೊಜೆಕ್ಟರ್ ಬೇಕು ಅಂತ ಬರುವವರಿಗೆ ನಾನೂ ಟಿವಿ ತಗೊಳ್ಳಿ ಅಂತಲೇ ಹೇಳುತ್ತೇನೆ.

ಆದರೆ ಇವರದು ಬೇರೆ ರೂಮು, ಬಾಗಿಲು ಹಾಕಿಕೊಂಡು ಕೂರುವ ರೂಮು. 100 ಇಂಚು ಅಂದರೆ 75 ಇಂಚಿಗಿಂತ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ 1.8 ಪಟ್ಟು. 120 ಆದರೆ ಎರಡೂವರೆ ಪಟ್ಟು. ಅಷ್ಟು ದೊಡ್ಡ ಚಿತ್ರ ನೋಡುವ ಆ ಅನುಭವ 75 ಇಂಚಿನ ಟಿವಿಯಲ್ಲಿ ಸಿಗುವುದಿಲ್ಲ. ಇಡೀ ಮನೆ ಒಟ್ಟಿಗೆ ಕೂತು ನೋಡುವುದಕ್ಕೆ ಅದು ಬೇಕು ಅಂತ ನನ್ನ ಅಭಿಪ್ರಾಯ.

ಮೈಸೂರು_ಮಹಡಿ

ಕೆಳಗೆ ಹಾಲ್‌ನಲ್ಲಿ 43 ಇಂಚಿನ ಟಿವಿ ಇದೆ. ಅಪ್ಪ ಅಮ್ಮ ಹಗಲು ಅದನ್ನೇ ನೋಡುತ್ತಾರೆ. ಮೇಲಿನ ರೂಮು ರಾತ್ರಿಗೆ, ಭಾನುವಾರಕ್ಕೆ. ಹಾಗಾಗಿ ಪ್ರೊಜೆಕ್ಟರ್ ಅಂತಲೇ ಗಟ್ಟಿ ಮಾಡಿದ್ದೇನೆ. ಕರ್ಟನ್‌ಗೆ ಇವತ್ತೇ ಅಳತೆ ಕೊಟ್ಟೆ. ಈಗ ಎಲ್ಲಿ ಕೂರಿಸುವುದು ಹೇಳಿ. ಇಲ್ಲಿ ಒಬ್ಬರು ಫ್ಯಾನಿನ ಪಕ್ಕ ಸೀಲಿಂಗ್‌ಗೆ ಹಾಕಿಕೊಡುತ್ತೇನೆ ಅಂದರು.

ಬೆಳಕಿನ_ಕೋಲು

ಫ್ಯಾನಿನ ಪಕ್ಕ ಬೇಡ. ನಮ್ಮ ಕಡೆಯ ಮನೆಗಳಲ್ಲಿ ಪ್ರೊಜೆಕ್ಟರ್‌ಗೆ ದೊಡ್ಡ ತೊಡಕು ಈ ಫ್ಯಾನೇ. ಹೊರದೇಶದ ವಿಡಿಯೊಗಳಲ್ಲಿ ಇದರ ಮಾತೇ ಬರುವುದಿಲ್ಲ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ನಿಧಾನವಾಗಿ ಓದಿ.

ಪ್ರತಿ ಪ್ರೊಜೆಕ್ಟರ್‌ಗೂ ಒಂದು ಥ್ರೋ ರೇಶಿಯೊ ಇರುತ್ತದೆ. ಲೆನ್ಸಿನಿಂದ ಸ್ಕ್ರೀನಿಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಅಂಕಿ. ರೇಶಿಯೊ 1.2 ಇದ್ದರೆ, 2.21 ಮೀಟರ್ ಅಗಲದ ಚಿತ್ರಕ್ಕೆ 2.65 ಮೀಟರ್ ದೂರ ಬೇಕು. ಅಂದರೆ 8 ಅಡಿ 8 ಇಂಚು.

ನಿಮ್ಮ ಫ್ಯಾನು 14 ಅಡಿಯ ನಡುವೆ, ಸ್ಕ್ರೀನಿನ ಗೋಡೆಯಿಂದ 7 ಅಡಿಗೆ ಇದೆ. ಮಾಮೂಲಿ 1200 ಎಂಎಂ ಫ್ಯಾನಿನ ರೆಕ್ಕೆ ನಡುವಿನಿಂದ ಎರಡೂ ಕಡೆ 2 ಅಡಿ ಚಾಚುತ್ತದೆ. ಹಾಗಾದರೆ 5 ಅಡಿಯಿಂದ 9 ಅಡಿವರೆಗಿನ ಜಾಗ ಫ್ಯಾನಿನದು. 8 ಅಡಿ 8 ಇಂಚು ಸರಿಯಾಗಿ ರೆಕ್ಕೆಯ ತುದಿಯ ಕೆಳಗೆ ಬಂತು. ಕಂಬಿ ಇಳಿಬಿಟ್ಟು ರೆಕ್ಕೆಯ ಕೆಳಗೆ ಹಾಕಿದರೂ ಗಾಳಿಗೆ ಕಂಬಿ ಅದುರುತ್ತದೆ. ಲೆನ್ಸಿನ ಹತ್ತಿರ ಕೂದಲೆಳೆಯಷ್ಟು ಅದುರಿದರೆ ಸ್ಕ್ರೀನ್ ಮೇಲೆ ಅಕ್ಷರಗಳು ನಡುಗುತ್ತವೆ.

ರೇಶಿಯೊ 1.5 ಇರುವುದನ್ನು ತಂದರೆ ದೂರ ಸುಮಾರು 11 ಅಡಿ. ಫ್ಯಾನಿನ ಆಚೆ ಬಂತು, ಸರಿ. ಆದರೆ ಇಲ್ಲಿ ಎತ್ತರದ ತೊಂದರೆ ಶುರುವಾಗುತ್ತದೆ. ಮಾಮೂಲಿ ಡಿಎಲ್‌ಪಿ (ಒಂದೇ ಚಿಪ್ಪಿನಿಂದ ಚಿತ್ರ ಮೂಡಿಸುವ ಬಗೆ) ಪ್ರೊಜೆಕ್ಟರನ್ನು ತಲೆಕೆಳಗಾಗಿ ನೇತು ಹಾಕಿದಾಗ ಚಿತ್ರದ ಮೇಲಂಚು ಲೆನ್ಸಿನ ಮಟ್ಟಕ್ಕಿಂತ ಒಂದಿಷ್ಟೇ ಕೆಳಗೆ ಬೀಳುತ್ತದೆ. 100 ಇಂಚಿಗೆ ಎರಡು ಮೂರು ಇಂಚು ಅಂದುಕೊಳ್ಳಿ. ಲೆನ್ಸ್ 8 ಅಡಿ ಎತ್ತರದಲ್ಲಿದ್ದರೆ ಚಿತ್ರ 7 ಅಡಿ 9 ಇಂಚಿನಿಂದ 3 ಅಡಿ 8 ಇಂಚಿನವರೆಗೆ ಬರುತ್ತದೆ. ಸೋಫಾ ಮೇಲೆ ಕೂತವರ ಕಣ್ಣು ಮೂರೂವರೆ ಅಡಿಯಲ್ಲಿರುತ್ತದೆ. ಇಡೀ ಸಿನಿಮಾ ಕತ್ತೆತ್ತಿ ನೋಡಬೇಕು. ನಿಮ್ಮ ಅಪ್ಪ ಅಮ್ಮನಿಗೆ ಅದು ಕಷ್ಟ. ಕಣ್ಣಿನ ಮಟ್ಟ ಚಿತ್ರದ ಕೆಳಗಿನ ಮೂರನೇ ಒಂದು ಭಾಗದ ಹತ್ತಿರ ಬಂದರೆ ಹಿತ. ಅದಕ್ಕೆ ಚಿತ್ರದ ಕೆಳಗಂಚು ಎರಡು, ಎರಡೂವರೆ ಅಡಿಯಲ್ಲಿರಬೇಕು. ಹಾಗೆ ಮಾಡಲು ಪ್ರೊಜೆಕ್ಟರನ್ನು 7 ಅಡಿಗೆ ಇಳಿಸಿದರೆ ರೂಮಿನ ನಡುವೆ ಓಡಾಡುವವರ ತಲೆಗೆ ತಾಗುವ ಹಾಗಾಗುತ್ತದೆ.

ಕೆಲವರು ಇದಕ್ಕೆ ಪ್ರೊಜೆಕ್ಟರನ್ನು ವಾಲಿಸಿ, ಕೀಸ್ಟೋನ್ ಹಾಕಿ ಚೌಕ ಮಾಡಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಕೀಸ್ಟೋನ್ ಅಂದರೆ ಪ್ಯಾನೆಲ್ಲಿನ ಒಂದಷ್ಟು ಪಿಕ್ಸೆಲ್ ಬಿಟ್ಟು, ಉಳಿದದ್ದರಲ್ಲಿ ಚಿತ್ರವನ್ನು ಕುಗ್ಗಿಸುವುದು. ಚುರುಕು ಹೋಗುತ್ತದೆ. ಬಿಟ್ಟ ಪಿಕ್ಸೆಲ್‌ಗಳಿಂದಲೂ ಮಂಕು ಬೆಳಕು ಸೋರಿ, ಸ್ಕ್ರೀನಿನ ಸುತ್ತ ಬೂದು ಬಣ್ಣದ ಓರೆ ಚೌಕಟ್ಟು ಕಾಣುತ್ತದೆ. ಕತ್ತಲೆ ದೃಶ್ಯದಲ್ಲಿ ಅದೇ ಕಣ್ಣಿಗೆ ಹೊಡೆಯುತ್ತದೆ.

ನನ್ನ ಸಲಹೆ: ಹಿಂದಿನ ಗೋಡೆಗೆ, ಸೋಫಾದ ಹಿಂದೆ, 7 ಅಡಿ ಎತ್ತರದಲ್ಲಿ ಒಂದು ಗಟ್ಟಿ ಬ್ರಾಕೆಟ್. ಅಲ್ಲಿ ಯಾರೂ ಓಡಾಡುವುದಿಲ್ಲ. ಮೆಷೀನಿನ ಉದ್ದ, ಕೇಬಲ್ಲು, ಗಾಳಿಯಾಡುವ ಜಾಗ ಕಳೆದರೆ ಲೆನ್ಸಿನಿಂದ ಸ್ಕ್ರೀನಿಗೆ 12 ಅಡಿ 6 ಇಂಚು ಸಿಗುತ್ತದೆ. ಅಲ್ಲಿಂದ 100 ಇಂಚಿಗೆ ರೇಶಿಯೊ 1.72 ಬೇಕು. ರೇಶಿಯೊ 1.5 ಇದ್ದರೆ 115 ಇಂಚು ಬರುತ್ತದೆ. 1.2 ಇದ್ದರೆ ಚಿತ್ರದ ಅಗಲವೇ ಹತ್ತೂವರೆ ಅಡಿ ಆಗಿ ಗೋಡೆ ತುಂಬಿಹೋಗುತ್ತದೆ. ಬೆಳಕಿನ ದಾರಿ ಪೂರ್ತಿ 7 ಅಡಿಯ ಕೆಳಗೆ, ಫ್ಯಾನು 9 ಅಡಿಯ ಹತ್ತಿರ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಲ್ಯುಮೆನ್ಸ್ ಅಲ್ಲ. 'ಜೂಮ್‌ನಲ್ಲಿ ಥ್ರೋ 1.5ರಿಂದ 1.7ರವರೆಗೆ ಬರುತ್ತದಾ? ಲೆನ್ಸ್ ಶಿಫ್ಟ್ ಇದೆಯಾ?' ಅಂತ ಕೇಳಿ. ಲೆನ್ಸ್ ಶಿಫ್ಟ್ ಇದ್ದರೆ ಮೆಷೀನನ್ನು ವಾಲಿಸದೆ ಚಿತ್ರವನ್ನು ಮೇಲೆ ಕೆಳಗೆ ಸರಿಸಬಹುದು, ಒಂದು ಪಿಕ್ಸೆಲ್ಲೂ ಹಾಳಾಗುವುದಿಲ್ಲ. ಫ್ಯಾನ್ ಇರುವ ಮನೆಗೆ ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

ಮೈಸೂರು_ಮಹಡಿ

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಸರ್. ಹಾಗಾದರೆ 120 ಬಿಟ್ಟು 100–115ಕ್ಕೆ ಬರುತ್ತೇನೆ. ಫುಲ್ ಎಚ್‌ಡಿ ಸಾಕಾ, 4ಕೆ ಬೇಕಾ?

ಬೆಳಕಿನ_ಕೋಲು

100 ಇಂಚಿನಲ್ಲಿ ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ 1.15 ಮಿಲಿಮೀಟರ್. 12 ಅಡಿ ದೂರದಿಂದ ಮಾಮೂಲಿ ಒಳ್ಳೆಯ ಕಣ್ಣಿಗೆ ಬಿಡಿಸಿ ಕಾಣುವ ಮಿತಿ ಕೂಡ ಒಂದು ಮಿಲಿಮೀಟರ್ ಚಿಲ್ಲರೆ. ಹಾಗಾಗಿ ನಿಮ್ಮ ದೂರಕ್ಕೆ, ನಿಮ್ಮ ಬಜೆಟ್‌ಗೆ ಫುಲ್ ಎಚ್‌ಡಿ ಸಾಕು. 720 ಮಾತ್ರ ಬೇಡ, ಅದರ ಪಿಕ್ಸೆಲ್ ಎದ್ದು ಕಾಣುತ್ತದೆ. ಕಡಿಮೆ ಬೆಲೆಯ 4ಕೆ ಡಿಎಲ್‌ಪಿಗಳಲ್ಲಿ ಹೆಚ್ಚಿನವುಗಳ ಒಳಗೆ ಫುಲ್ ಎಚ್‌ಡಿ ಚಿಪ್ಪೇ ಇರುತ್ತದೆ. ಅದು ಬಹಳ ವೇಗವಾಗಿ ಚಿತ್ರವನ್ನು ನಾಲ್ಕು ಕಡೆ ಸರಿಸಿ 4ಕೆ ಕಟ್ಟುತ್ತದೆ. ಕೆಟ್ಟದ್ದೇನಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ದುಡ್ಡಿನಲ್ಲಿ ನಿಮಗೆ ಲೆನ್ಸ್ ಶಿಫ್ಟ್ ಹೆಚ್ಚು ಮುಖ್ಯ.

ಅಮ್ಮನ ಹಳೇ ಸಿನಿಮಾ ಬಗ್ಗೆ ಒಂದು ಮಾತು. ಕಪ್ಪುಬಿಳುಪು ಕಾಲದ ಚಿತ್ರಗಳು ಹೆಚ್ಚುಕಡಿಮೆ 4:3 ಆಕಾರದವು. ಅವನ್ನು ಸ್ಕ್ರೀನ್ ತುಂಬ ಎಳೆದು ಅಗಲ ಮಾಡಬೇಡಿ, ಮುಖಗಳೆಲ್ಲ ದಪ್ಪಗಾಗುತ್ತವೆ. ನಡುವೆ ಒಂದು ಮೀಟರ್ 66 ಸೆಂಟಿಮೀಟರ್ ಅಗಲಕ್ಕೆ ಬರುತ್ತದೆ, ಅಷ್ಟೇ ಇರಲಿ. ಪ್ರೊಜೆಕ್ಟರಿನ ಶಾರ್ಪ್‌ನೆಸ್ ಕಡಿಮೆ ಮಾಡಿ. ಇಂಟರ್‌ನೆಟ್‌ನಲ್ಲಿ ಸಿಗುವ ಪ್ರತಿಗಳು ಮೊದಲೇ ಸವೆದಿರುತ್ತವೆ. ಶಾರ್ಪ್‌ನೆಸ್ ಏರಿಸಿದರೆ ಆ ಸವೆತವೇ ದೊಡ್ಡದಾಗಿ ಕಾಣುತ್ತದೆ.

ಕಡಲತೀರ_ಉಡುಪಿ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ. ನಾವು ಮನೆಯಲ್ಲಿ ಹೆಚ್ಚಾಗಿ ಯಕ್ಷಗಾನದ ವಿಡಿಯೊ ಹಾಕುತ್ತೇವೆ. ಅದರಲ್ಲಿ ಬಣ್ಣವೇ ಜೀವ. ಡಿಎಲ್‌ಪಿಯಲ್ಲಿ ಒಂದೇ ಚಿಪ್ಪು, ಎದುರಿಗೆ ತಿರುಗುವ ಬಣ್ಣದ ಚಕ್ರ. ಕೆಲವು ಮಾಡೆಲ್‌ಗಳ ಚಕ್ರದಲ್ಲಿ ಕೆಂಪು, ಹಸಿರು, ನೀಲಿಯ ಜೊತೆ ಒಂದು ಬಣ್ಣವಿಲ್ಲದ ಭಾಗ ಇರುತ್ತದೆ. ಅದರಿಂದ ಬಿಳಿ ಬೆಳಕು ಏರುತ್ತದೆ, ಡಬ್ಬದ ಮೇಲೆ ಲ್ಯುಮೆನ್ಸ್ ಜಾಸ್ತಿ ಬರೆಯಬಹುದು. ಆದರೆ ಕೆಂಪು ಅಷ್ಟು ಏರುವುದಿಲ್ಲ. ಬಿಳಿ ಝಗಮಗ, ವೇಷದ ಕೆಂಪು ಇಟ್ಟಿಗೆ ಪುಡಿಯ ಹಾಗೆ ಮಂಕು. ಆಫೀಸ್ ಮೀಟಿಂಗ್‌ಗೆ ಮಾಡಿದ ಪ್ರೊಜೆಕ್ಟರ್‌ಗಳಲ್ಲಿ ಇದು ಜಾಸ್ತಿ. ಅಂಥದ್ದು ಅಗ್ಗಕ್ಕೆ ಸಿಕ್ಕಿತು ಅಂತ ಮನೆಗೆ ತರಬೇಡಿ.

3ಎಲ್‌ಸಿಡಿಯಲ್ಲಿ ಮೂರು ಬಣ್ಣಕ್ಕೆ ಮೂರು ಪ್ಯಾನೆಲ್. ಬಿಳಿಯಷ್ಟೇ ಬಣ್ಣಕ್ಕೂ ಬೆಳಕು ಸಿಗುತ್ತದೆ. ಎಪ್ಸನ್‌ನವರದು ಈ ಬಗೆ. ಇನ್ನೊಂದು, ಡಿಎಲ್‌ಪಿಯಲ್ಲಿ ಕೆಲವರ ಕಣ್ಣಿಗೆ ಕಾಮನಬಿಲ್ಲಿನ ಬಣ್ಣದ ಮಿಂಚು ಕಾಣುತ್ತದೆ. ಎಲ್ಲರಿಗೂ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ನನಗೆ ಇಲ್ಲ, ಹೆಂಡತಿಗೆ ಉಂಟು. ತಗೊಳ್ಳುವ ಮುಂಚೆ ಮನೆಯವರನ್ನು ಕರೆದುಕೊಂಡು ಹೋಗಿ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ಹಾಕಿಸಿ, ಕಣ್ಣನ್ನು ಆ ಕಡೆ ಈ ಕಡೆ ಬೇಗ ಹೊರಳಿಸಲು ಹೇಳಿ. ಕಾಣುವವರಿಗೆ ಕೂಡಲೇ ಕಾಣುತ್ತದೆ.

ಹೇಳಬೇಕಾದ್ದು ಇನ್ನೊಂದಿದೆ. ಕರಾವಳಿ, ಮಲೆನಾಡಿನವರು ಓದುತ್ತಿದ್ದರೆ ಅವರಿಗೆ. ಮಳೆಗಾಲದಲ್ಲಿ ಪ್ರೊಜೆಕ್ಟರನ್ನು ಚೀಲದೊಳಗೆ ಕಟ್ಟಿಡಬೇಡಿ, ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ವಾರಕ್ಕೆ ಎರಡು ಮೂರು ಸಲ ಆದರೂ ಓಡಿಸಿ, ಒಳಗಿನ ಬಿಸಿಗೇ ತೇವ ಹೋಗುತ್ತದೆ. ಸುತ್ತುವ ಸ್ಕ್ರೀನನ್ನು ತೇವ ಇರುವಾಗ ಸುತ್ತಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಎಚ್‌ಡಿಎಂಐ ಕೇಬಲ್ ಚುಚ್ಚುವ ತೂತು ಬಹಳ ಇಷ್ಟ. ಖಾಲಿ ತೂತುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಅಂಗಳದಲ್ಲಿ ಹಾಕುವುದಾದರೆ ಮೊದಲ ಮಳೆ ಬಿದ್ದ ರಾತ್ರಿ ಬೇಡ. ರೆಕ್ಕೆಯ ಗೆದ್ದಲು ಸಾವಿರಾರು ಬಂದು ಬೆಳಕಿಗೆ ಮುತ್ತುತ್ತವೆ. ಗಾಳಿ ಎಳೆಯುವ ಕಿಂಡಿಯ ಜಾಲರಿಗೆ ಅಂಟಿ ಗಾಳಿ ಕಟ್ಟುತ್ತದೆ, ಮೆಷೀನು ಬಿಸಿಯಾಗಿ ತಾನೇ ಆಫ್ ಆಗುತ್ತದೆ.

ನಾದಮನೆ

ಎಲ್ಲರೂ ಚಿತ್ರದ ಬಗ್ಗೆಯೇ ಬರೆಯುತ್ತಿದ್ದೀರಿ. ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ನಂಬಿ 100 ಇಂಚು ನೋಡಬೇಡಿ. ಮಾತಾಡುವವರು ಎದುರಿಗೆ, ದನಿ ಬೆನ್ನ ಹಿಂದಿನಿಂದ! ಬಜೆಟ್‌ನಲ್ಲಿ ಕಾಲು ಭಾಗವನ್ನಾದರೂ ದನಿಗೆ ಎತ್ತಿಡಿ.

ಮೊದಲು ಆ ಖಾಲಿ ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಝಣ್ ಅಂತ ಎಳೆದ ಹಾಗೆ ಕೇಳುತ್ತದೆ, ಅಲ್ವಾ? ಟೈಲ್ಸು, ಬರೀ ಗೋಡೆ, ಆರ್‌ಸಿಸಿ ಸೀಲಿಂಗು. ಇದರಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಮಾತು ಸ್ಪಷ್ಟ ಬರುವುದಿಲ್ಲ. ದಪ್ಪ ಕರ್ಟನ್ ಹೇಗೂ ಬರುತ್ತಿದೆ. ನೆಲಕ್ಕೆ ಒಂದು ದಪ್ಪ ಜಮಖಾನೆ ಹಾಸಿ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಜಮಖಾನೆಯಿಂದ ಎರಡು ಲಾಭ. ಹೊಳೆಯುವ ಟೈಲ್ಸ್ ಮೇಲೆ ಚಿತ್ರ ಪ್ರತಿಫಲಿಸಿ ಮತ್ತೆ ಸ್ಕ್ರೀನಿಗೆ ಬೆಳಕು ಹೋಗುವುದೂ ತಪ್ಪುತ್ತದೆ.

ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿಡಬೇಡಿ, ಒಂದೂವರೆ ಅಡಿಯಾದರೂ ಮುಂದೆ ತನ್ನಿ. ಗೋಡೆಗೆ ಅಂಟಿದರೆ ತಗ್ಗು ದನಿ ಗುಂಯ್ ಅನ್ನುತ್ತದೆ. ಸೆಂಟರ್ ಸ್ಪೀಕರ್ ಸ್ಕ್ರೀನಿನ ಕೆಳಗೆ ನಡುವೆ. 100 ಇಂಚು ಹಾಕಿದರೆ ನಿಮ್ಮ 11 ಅಡಿ ಗೋಡೆಯಲ್ಲಿ ಎರಡೂ ಬದಿಗೆ ಸುಮಾರು 57 ಸೆಂಟಿಮೀಟರ್ ಉಳಿಯುತ್ತದೆ. ಎಡ ಬಲದ ಸ್ಪೀಕರ್ ಅಲ್ಲಿ ಕೂರುತ್ತವೆ. ನಿಮ್ಮ ರೂಮಿಗೆ 115ಕ್ಕಿಂತ 100 ವಾಸಿ ಅನ್ನುವುದು ನನ್ನ ಮಾತು.

ಬ್ಲೂಟೂತ್‌ನಲ್ಲಿ ಸ್ಪೀಕರ್ ಜೋಡಿಸಬೇಡಿ, ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ. ಸ್ಟ್ರೀಮಿಂಗ್ ಸ್ಟಿಕ್ಕನ್ನು ಪ್ರೊಜೆಕ್ಟರ್‌ಗೆ ಚುಚ್ಚುವ ಬದಲು ಎಚ್‌ಡಿಎಂಐ ಇನ್‌ಪುಟ್ ಇರುವ ಸೌಂಡ್‌ಬಾರ್‌ಗೋ, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ಗೋ ಚುಚ್ಚಿ. ಅಲ್ಲಿಂದ ಚಿತ್ರ ಮಾತ್ರ ಪ್ರೊಜೆಕ್ಟರ್‌ಗೆ ಹೋಗಲಿ.

ಮೈಸೂರು_ಮಹಡಿ

ಧನ್ಯವಾದ ಮೇಡಂ. ಚಪ್ಪಾಳೆ ತಟ್ಟಿ ನೋಡಿದೆ, ನೀವು ಹೇಳಿದ ಹಾಗೇ ಇದೆ. ಸ್ಟಿಕ್ ಯಾಕೆ? ಪ್ರೊಜೆಕ್ಟರ್‌ನಲ್ಲೇ ಆಂಡ್ರಾಯ್ಡ್ ಇರುತ್ತದಲ್ಲ? ಇನ್ನೊಂದು ವಿಷಯ, ಅಮೆರಿಕದಲ್ಲಿರುವ ಭಾವ ಬರುವಾಗ ಒಂದು ಅಲ್ಟ್ರಾ ಶಾರ್ಟ್ ಥ್ರೋ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ಗೋಡೆ ಬುಡದಲ್ಲೇ ಇಡುವಂಥದ್ದು. ಫ್ಯಾನಿನ ಗೊಡವೆಯೇ ಇರುವುದಿಲ್ಲ ಅಂತ.

ಬೆಳಕಿನ_ಕೋಲು

ಫ್ಯಾನಿನ ಗೊಡವೆ ಇರುವುದಿಲ್ಲ, ನಿಜ. ಆದರೆ ಗೋಡೆಯ ಗೊಡವೆ ಬರುತ್ತದೆ. ಅದರ ಬೆಳಕು ಬುಡದಿಂದ ಗೋಡೆಯನ್ನು ಸವರಿಕೊಂಡು ಮೇಲೆ ಹೋಗುತ್ತದೆ. ನಮ್ಮ ಗಾರೆ ಗೋಡೆಯ ಪ್ರತಿ ಉಬ್ಬು ತಗ್ಗಿಗೂ ನೆರಳು ಬೀಳುತ್ತದೆ, ನೇರ ಗೆರೆಗಳು ಅಲೆಯಾಗುತ್ತವೆ. ಬಿಗಿಯಾಗಿ ಎಳೆದು ಕಟ್ಟಿದ ಫಿಕ್ಸೆಡ್ ಫ್ರೇಮ್ ಸ್ಕ್ರೀನೇ ಬೇಕು. ಅದರಲ್ಲೂ ಮೇಲಿನ ಬೆಳಕನ್ನು ತಡೆದು ಕೆಳಗಿನ ಬೆಳಕನ್ನು ಮಾತ್ರ ಕಣ್ಣಿಗೆ ಕಳಿಸುವ ವಿಶೇಷ ಬಟ್ಟೆ ಹಾಕಿದರೇ ಅದರ ಚೆಂದ. ಮೆಷೀನು, ಆ ಸ್ಕ್ರೀನು ಸೇರಿದರೆ ನಿಮ್ಮ ಬಜೆಟ್ ದಾಟುತ್ತದೆ. ಸಣ್ಣ ಮಕ್ಕಳು ಬಗ್ಗಿ ಲೆನ್ಸಿನೊಳಗೆ ನೋಡುವ ಭಯವೂ ಇದೆ. ಮಕ್ಕಳಿರುವ ಮನೆಗೆ 7 ಅಡಿ ಎತ್ತರದ ಬ್ರಾಕೆಟ್ಟೇ ನನಗೆ ಸಮಾಧಾನ.

ಹೊರಗಿನಿಂದ ತರುವುದಾದರೆ ಹಿಂದಿನ ಚೀಟಿಯಲ್ಲಿ 100–240 ವೋಲ್ಟ್ ಅಂತ ಇದೆಯಾ ನೋಡಿ. ಇದ್ದರೆ ಕರೆಂಟಿನ ತೊಂದರೆ ಇಲ್ಲ. ಆದರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಕಂಪನಿಗೆ ಕೇಳದೆ ತರಿಸಬೇಡಿ. ಇಲ್ಲಿನ ಬೆಲೆಯೂ ಈಗ ಒಂದಿಷ್ಟು ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಬಂದಿದೆ. ಮೊದಲಿನ ದರಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ, ಹೊಸದಾಗಿ ಕೇಳಿ.

ಸ್ಟಿಕ್ ಯಾಕೆ ಅಂದರೆ, ಕೆಲವು ಪ್ರೊಜೆಕ್ಟರ್‌ಗಳ ಆಂಡ್ರಾಯ್ಡ್‌ಗೆ ಒಟಿಟಿ ಕಂಪನಿಗಳ ಒಪ್ಪಿಗೆ ಇರುವುದಿಲ್ಲ. ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ಅನ್ನುವ ವ್ಯವಸ್ಥೆಯ ಎಲ್1 ಮಟ್ಟ ಇಲ್ಲದೆ ಬರೀ ಎಲ್3 ಇದ್ದರೆ ಆ್ಯಪ್ ತೆರೆಯುತ್ತದೆ, ಆದರೆ ಚಿತ್ರ 480ರ ಮಟ್ಟಕ್ಕೆ ಇಳಿಯುತ್ತದೆ. ಆರು ಇಂಚಿನ ಫೋನಿನಲ್ಲಿ ಅದು ಗೊತ್ತಾಗುವುದಿಲ್ಲ, 100 ಇಂಚಿನಲ್ಲಿ ಕಣ್ಣಿಗೆ ರಾಚುತ್ತದೆ.

ಧಾರವಾಡ_ಓಣಿ

ಕರೆಂಟ್ ಬಗ್ಗೆ ನಾನು ಹೇಳುತ್ತೇನೆ. ಲ್ಯಾಂಪಿನ ಪ್ರೊಜೆಕ್ಟರ್ ತಗೊಂಡರೆ ಯುಪಿಎಸ್ ಬೇಕೇ ಬೇಕು. ಲ್ಯಾಂಪು ಸಿಕ್ಕಾಪಟ್ಟೆ ಬಿಸಿ ಇರುತ್ತದೆ. ಆಫ್ ಮಾಡಿದ ಮೇಲೂ ಒಳಗಿನ ಫ್ಯಾನು ಸ್ವಲ್ಪ ಹೊತ್ತು ಓಡಿ ಅದನ್ನು ತಣ್ಣಗೆ ಮಾಡುತ್ತದೆ. ನಡುವೆ ಕರೆಂಟ್ ಹೋದರೆ ಲ್ಯಾಂಪಿನ ಜೊತೆ ಫ್ಯಾನೂ ನಿಲ್ಲುತ್ತದೆ. ಪದೇ ಪದೇ ಹಾಗಾದರೆ ಲ್ಯಾಂಪಿನ ಆಯುಷ್ಯ ಕಡಿಮೆ ಆಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು. ಎಲ್‌ಇಡಿ, ಲೇಸರ್‌ಗೆ ಇಷ್ಟು ಚಿಂತೆ ಇಲ್ಲ. ಲ್ಯಾಂಪು ಮೂರರಿಂದ ಐದು ಸಾವಿರ ಗಂಟೆ, ಲೇಸರ್‌ಗೆ 20 ಸಾವಿರ ಗಂಟೆ ಅಂತ ಕಂಪನಿಗಳು ಹೇಳುತ್ತವೆ. ದಿನಾ ಎರಡು ಗಂಟೆ ನೋಡುವ ಮನೆಗೆ ಲ್ಯಾಂಪಿನದೂ ನಾಲ್ಕಾರು ವರ್ಷ ಬಂತು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. ಮೆನುವಿನಲ್ಲಿ ಲ್ಯಾಂಪ್ ಅವರ್ಸ್ ತೋರಿಸಲು ಹೇಳ್ರಿ. ಆದರೆ ಅದನ್ನು ಸೊನ್ನೆಗೆ ತರಬಹುದು. ಅದಕ್ಕೇ ಚಿತ್ರವನ್ನೂ ನೋಡ್ರಿ. ಪೂರ್ತಿ ಕಪ್ಪು ಚಿತ್ರ ಹಾಕಿದಾಗ ನಕ್ಷತ್ರದಂತೆ ಬಿಳಿ ಚುಕ್ಕೆ ಕಂಡರೆ ಡಿಎಲ್‌ಪಿ ಚಿಪ್ಪು ಕೆಡುತ್ತಿದೆ. ಪೂರ್ತಿ ಬಿಳಿ ಹಾಕಿದಾಗ ಒಂದು ಮೂಲೆ ಹಳದಿ, ಇನ್ನೊಂದು ನೀಲಿ ಕಂಡರೆ 3ಎಲ್‌ಸಿಡಿ ಒಳಗೆ ಬೆಳಕು ಸೋಸುವ ಪೋಲರೈಸರ್ ಹಾಳೆ ಸುಟ್ಟಿದೆ. ಎರಡೂ ರಿಪೇರಿಗೆ ದುಬಾರಿ. ಬಿಟ್ಟುಬಿಡ್ರಿ.

ಮತ್ತೆ ಜಮಖಾನೆ ಅಂತ ಮೇಡಂ ಹೇಳಿದರು. ನಮ್ಮ ನವಲಗುಂದದ್ದು ತರಿಸ್ರಿ, ಹತ್ತಿಯದು, ಬಹಳ ವರ್ಷ ಬರುತ್ತದೆ.

ಮೈಸೂರು_ಮಹಡಿ

ಎಲ್ಲ ಬರೆದಿಟ್ಟುಕೊಂಡೆ. ಹಿಂದಿನ ಗೋಡೆಗೆ ಬ್ರಾಕೆಟ್, 100 ಇಂಚು, ಲೆನ್ಸ್ ಶಿಫ್ಟ್ ಇರುವ 3ಎಲ್‌ಸಿಡಿ, ನವಲಗುಂದದ ಜಮಖಾನೆ. ಬಜೆಟ್ ಸ್ವಲ್ಪ ಮೀರುತ್ತದೆ. ಸ್ಕ್ರೀನನ್ನು ಆಮೇಲೆ ತಗೊಂಡರೆ ನಡೆಯುತ್ತದಾ? ಮುಂದಿನ ವಾರ ಎಲೆಕ್ಟ್ರಿಷಿಯನ್ ಬರುತ್ತಾರೆ, ಅವರಿಗೆ ಏನು ಹೇಳಲಿ?

ಬೆಳಕಿನ_ಕೋಲು

ಧಾರಾಳವಾಗಿ ನಡೆಯುತ್ತದೆ. ಗೋಡೆಗೆ ಪುಟ್ಟಿ ಹಾಕಿಸಿ, ಚೆನ್ನಾಗಿ ಉಜ್ಜಿಸಿ, ಮ್ಯಾಟ್ ಬಿಳಿ ಬಣ್ಣ ಹೊಡೆಸಿ. ಹೊಳಪಿನ ಬಣ್ಣ ಬೇಡ, ನಡುವೆ ಬೆಳಕಿನ ಗುಡ್ಡೆ ಕಾಣುತ್ತದೆ. ಚಿತ್ರದ ಸುತ್ತ ನಾಲ್ಕು ಇಂಚಿನ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿ, ಅಂಚು ಚೊಕ್ಕಟವಾಗಿ ಕಾಣುತ್ತದೆ. ಮನೆಯವರು ಒಪ್ಪಿದರೆ ಸ್ಕ್ರೀನಿನ ಹತ್ತಿರದ ಮೂರು ಅಡಿ ಸೀಲಿಂಗು ಮತ್ತು ಪಕ್ಕದ ಗೋಡೆಗಳಿಗೆ ಗಾಢ ಬಣ್ಣ ಹೊಡೆಸಿ. ಬಿಳಿ ಸೀಲಿಂಗಿಗೆ ಬಿದ್ದ ಬೆಳಕು ಮತ್ತೆ ಸ್ಕ್ರೀನಿಗೇ ಬಂದು ಕಪ್ಪನ್ನು ಕೆಡಿಸುತ್ತದೆ. ಕರ್ಟನ್ ಹಾಕಿದ ಮೇಲೆ ಉಳಿಯುವ ಬೆಳಕು ಅದೇ.

ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದ್ದು: ಬ್ರಾಕೆಟ್ ಇರುವ ಕಡೆ ಒಂದು 5 ಆಂಪ್ ಪಾಯಿಂಟು, ಯುಪಿಎಸ್ ಲೈನಿನಿಂದ. ಅಲ್ಲಿಂದ ಮುಂದಿನ ಗೋಡೆಯ ಬುಡದವರೆಗೆ ಎಚ್‌ಡಿಎಂಐಗೆ ಬೇರೆಯೇ ಪೈಪು, ಒಂದೂವರೆ ಇಂಚಿನದು. ಅರ್ಧ, ಮುಕ್ಕಾಲು ಇಂಚಿನ ವೈರಿಂಗ್ ಪೈಪಿನಲ್ಲಿ ಎಚ್‌ಡಿಎಂಐನ ತಲೆ ತೂರುವುದಿಲ್ಲ. ಮೂಲೆಗಳಲ್ಲಿ ಚೌಕ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಲಿ. ಪೈಪಿನೊಳಗೆ ಒಂದು ಎಳೆಯುವ ತಂತಿ ಬಿಟ್ಟಿರಲಿ, ಮುಂದೆ ಕೇಬಲ್ ಬದಲಿಸಲು ಬೇಕಾಗುತ್ತದೆ. ನಿಮ್ಮ ದೂರಕ್ಕೆ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ತಗೊಳ್ಳಿ. ಅದಕ್ಕೆ ದಿಕ್ಕು ಇದೆ. ಒಂದು ತಲೆಯ ಮೇಲೆ 'ಸೋರ್ಸ್', ಇನ್ನೊಂದರ ಮೇಲೆ 'ಡಿಸ್‌ಪ್ಲೇ' ಅಂತ ಬರೆದಿರುತ್ತದೆ. ಡಿಸ್‌ಪ್ಲೇ ತಲೆ ಪ್ರೊಜೆಕ್ಟರ್ ಕಡೆ ಬರಬೇಕು. ಗೋಡೆಯೊಳಗೆ ಎಳೆಯುವ ಮುಂಚೆ ನೆಲದ ಮೇಲೆ ಹಾಸಿ, ಎರಡೂ ಕಡೆ ಚುಚ್ಚಿ ಚಿತ್ರ ಬರುತ್ತದಾ ನೋಡಿ, ಆಮೇಲೆ ಎಳೆಯಿರಿ.

ಹಾಸನ_ಹೊಸಮನೆ

ಈ ಚರ್ಚೆ ನನಗೂ ಉಪಯೋಗಕ್ಕೆ ಬಂತು. ನಮ್ಮ ಹೊಸ ಮನೆಯಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದೆ. ಅದಕ್ಕೇ ಪ್ರೊಜೆಕ್ಟರ್ ನೇತು ಹಾಕಬಹುದಾ ಅಣ್ಣ?

ಬೆಳಕಿನ_ಕೋಲು

ಬೇಡ. ಜಿಪ್ಸಮ್ ಬೋರ್ಡ್ ತನ್ನ ಭಾರ ಹೊತ್ತರೆ ಹೆಚ್ಚು. ಬೋರ್ಡಿಗೆ ತೂತು ಮಾಡಿ, ಕಂಬಿಯನ್ನು ಮೇಲಿನ ಆರ್‌ಸಿಸಿ ಸ್ಲ್ಯಾಬ್‌ವರೆಗೆ ಒಯ್ದು ಅಲ್ಲಿ ಆಂಕರ್ ಫಾಸ್ಟನರ್ ಹಾಕಿಸಿ. ಡ್ರಿಲ್ ಮಾಡುವ ಮುಂಚೆ ಸ್ಲ್ಯಾಬಿನೊಳಗೆ ಕರೆಂಟ್ ಪೈಪು ಎಲ್ಲಿ ಹೋಗಿದೆ ಅಂತ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಕೇಳಿ. ಫಾಲ್ಸ್ ಸೀಲಿಂಗ್ ಕೆಲಸ ಇನ್ನೂ ಮುಗಿದಿಲ್ಲ ಅಂದರೆ ಈಗಲೇ ಆ ಜಾಗ ಗುರುತು ಮಾಡಿಸಿಕೊಳ್ಳಿ. ಪಕ್ಕದಲ್ಲೇ ಒಂದು ಅಡಿ ಚೌಕದ ತೆರೆಯುವ ಮುಚ್ಚಳ ಬಿಡಿಸಿ, ಕೇಬಲ್ ನೋಡಲು ಕೈ ಹೋಗಬೇಕು. ರೂಮಿನ ಉದ್ದ, ಅಗಲ, ಫ್ಯಾನ್ ಇರುವ ಜಾಗ ಇಲ್ಲಿ ಬರೆಯಿರಿ, ದೂರದ ಲೆಕ್ಕ ಹಾಕಿಕೊಡುತ್ತೇನೆ.